ಮುನಿಯಮ್ಮನ ಕಾಮಾಲೆ ಮದ್ದು

ಹಾರನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಮುನಿಯಮ್ಮ ಭಾನುವಾರ ಬೆಳಿಗ್ಗೆ ಕಾಮಾಲೆಗೆ ಮದ್ದು ಕೊಡುತ್ತಿದ್ದಳು. ಬೆಳಕು ಹರಿಯುವ ಮುಂಚೆ ಒಬ್ಬಳೇ ಹೋಗಿ ಸೊಪ್ಪು ಕಿತ್ತು, ಮಜ್ಜಿಗೆಯಲ್ಲಿ ಅರೆದು, ಬರಿ ಹೊಟ್ಟೆಯಲ್ಲಿ ಬಂದವರಿಗೆ ಕುಡಿಸುತ್ತಿದ್ದಳು. ಕಾಸು ಮುಟ್ಟುತ್ತಿರಲಿಲ್ಲ. ಸೊಪ್ಪಿನ ಹೆಸರನ್ನಂತೂ ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಮದ್ದು ನಾಟುವುದಿಲ್ಲವೆಂದು ಅವಳ ಅತ್ತೆ ಆಣೆ ಹಾಕಿಸಿಕೊಂಡಿದ್ದಳು.

ಊರ ದೊಡ್ಡವರ ಮಡಿ ನನಗೆ ಗೊತ್ತಿಲ್ಲವೇ? ಅವಳ ಮನೆಯ ಹನಿ ನೀರು ಮುಟ್ಟದವರು, ಕಣ್ಣು ಹಳದಿಯಾದ ಕೂಡಲೇ ಬಂದು ಅವಳ ಕೈಯಿಂದಲೇ ಗಟಗಟ ಕುಡಿದು ಹೋಗುತ್ತಿದ್ದರು. ಜೀವದ ಆಸೆ ಯಾರಿಗಿಲ್ಲ! ತೆಂಗಿನ ತೋಟದ ಪುಟ್ಟಸ್ವಾಮಿ ಗೌಡರ ಹೆಂಡತಿ ಲಲಿತಮ್ಮ ಅವಳ ಜಗುಲಿಯ ಮೇಲೆ ಕೂತು, "ನೀನಿದ್ದಿದ್ಕೆ ಉಳ್ಕೊಂಡೆ ಕಣಮ್ಮ" ಎಂದಿದ್ದರು. ಮುನಿಯಮ್ಮನಿಗೆ ಅಂಥ ಮಾತೇ ಸಂಪಾದನೆ.

ಮಗ ಸಿದ್ಧಾರ್ಥ ಅರಸೀಕೆರೆಯಲ್ಲಿ ಸರ್ಕಾರಿ ಗುಮಾಸ್ತ. ಓದಿದವನು ಸುಮ್ಮನಿರಬಾರದೇ? ಅವ್ವ ಅರೆದುಕೊಟ್ಟ ಸೊಪ್ಪನ್ನು ಕಷಾಯ ಮಾಡಿ, ಬಾಟಲಿಗೆ ತುಂಬಿ, ಅವಳ ಹೆಸರಂಟಿಸಿ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಮಾರಾಟಕ್ಕಿಟ್ಟ. ೨೦೦೨ರಲ್ಲಿ ಔಷಧ ಇಲಾಖೆಯ ಇನ್ಸ್‌ಪೆಕ್ಟರ್ ಜೀಪು ತಂದು ಮನೆ ಮುಂದೆ ನಿಲ್ಲಿಸಿದರು.

"ಲೈಸೆನ್ಸ್ ಇಲ್ದೆ ಔಷಧಿ ಮಾರೋ ಹಾಗಿಲ್ಲಮ್ಮ. ಇದಕ್ಕೆ ಏನು ಹಾಕಿದೀರಿ ಹೇಳಿ, ಮಾರೋದು ನಿಲ್ಲಿಸಿ, ಎಚ್ಚರಿಕೆ ಕೊಟ್ಟು ಬಿಡ್ತೀನಿ. ಇಲ್ದಿದ್ರೆ ಕೇಸಾಗುತ್ತೆ, ಮಗನ ಕೆಲಸಾನೂ ಹೋಗುತ್ತೆ."

ಜೀಪು ನೋಡಲು ಊರೇ ನೆರೆದಿತ್ತು. ಮುನಿಯಮ್ಮ ಮಗನ ಮುಖ ನೋಡಿದಳು.

"ನೆಲನೆಲ್ಲಿ ಸೊಪ್ಪು ಸ್ವಾಮಿ. ಬ್ಯಾರೆ ಏನೂ ಇಲ್ಲ."

"ಅಷ್ಟೇನಾ? ಬೇಲಿ ಪಕ್ಕ ಎಲ್ಲಾ ಕಡೆ ಬೆಳೆಯುತ್ತಲ್ಲ!" ಎಂದು ಇನ್ಸ್‌ಪೆಕ್ಟರ್ ನಕ್ಕರು.

ಸಿದ್ಧಾರ್ಥನ ಕೆಲಸ ಉಳಿಯಿತು. ಮುನಿಯಮ್ಮ ಅಳಲಿಲ್ಲ, ಮಗನನ್ನು ಬೈಯಲೂ ಇಲ್ಲ. ನನಗೆ ಮಾತ್ರ ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಭಾನುವಾರ ಅವಳು ಅಂಗಳ ಗುಡಿಸಿ ಕೂರುತ್ತಿದ್ದಳು. ಯಾರೂ ಬರುತ್ತಿರಲಿಲ್ಲ. "ಬೇಜಾರಾ?" ಎಂದು ಕೇಳಿದರೆ, "ಏನೂ ಅನ್ನಿಸಾಕಿಲ್ಲ ಕಣಕ್ಕ" ಎನ್ನುತ್ತಿದ್ದಳು.

ಮರುವರ್ಷ ಗೌಡರ ಮಗಳು ಶಿಲ್ಪಶ್ರೀಗೆ ಕಾಮಾಲೆಯಾಯಿತು. ಮದ್ದಿಗೆಂದು ಅವರ ಮನೆಯಿಂದ ಯಾರೂ ಬರಲಿಲ್ಲ. ಮುನಿಯಮ್ಮ ಎಂದೂ ಇಲ್ಲದೆ ತಾನೇ ಮದ್ದು ಅರೆದು ಅವರ ಮನೆಗೆ ಹೊತ್ತುಕೊಂಡು ಹೋದಳು.

ಲಲಿತಮ್ಮ ಬಾಗಿಲಿಗೆ ಬಂದರು. "ಅಯ್ಯೋ, ನೀನ್ಯಾಕೆ ತರಾಕೋದೆ? ಬೇಲಿ ಪಕ್ಕದ ನೆಲನೆಲ್ಲಿ ಕಿತ್ತು ನಮ್ಮನೇಲೇ ಅರೆದು ಕುಡಿಸ್ತಾ ಇದೀವಿ, ವಾಸಿ ಆಗ್ತಾ ಐತೆ. ಅಲ್ಲೇ ನಿಂತ್ಕೊ, ಕಾಫಿ ತತ್ತೀನಿ."

ಆಳುಗಳಿಗೆಂದು ಹೊರಗಿನ ಗೂಡಿನಲ್ಲಿ ಬೇರೆ ಇಟ್ಟಿದ್ದ ಲೋಟಕ್ಕೆ, ಮೇಲಿನಿಂದ ಕಾಫಿ ಹೊಯ್ದರು. ಮುನಿಯಮ್ಮ ನಿಂತೇ ಕುಡಿದಳು. ಲೋಟ ತೊಳೆದು ಗೂಡಿನಲ್ಲಿಟ್ಟು ಬಂದಳು.