ಉಸಿರು ಸೋತಾಗ ಕಿಡ್ನಿಗಳು ನಿಭಾಯಿಸಿದ್ದು

2022ರಲ್ಲಿ ನಾನು ಸೇಡಂನ ಒಂದು ಆಸ್ಪತ್ರೆಯಲ್ಲಿ ಫಿಜಿಷಿಯನ್ ಆಗಿದ್ದೆ. ಕೋವಿಡ್ ಬಂದುಹೋದ ಮೇಲೆ ನಮ್ಮಲ್ಲಿ ಎರಡು ಅನುಕೂಲಗಳು ಉಳಿದಿದ್ದವು: ರಕ್ತದ ಆಮ್ಲೀಯತೆಯನ್ನು ಅಳೆಯುವ ಎಬಿಜಿ ಯಂತ್ರ, ಮತ್ತು ಮುಖಕ್ಕೆ ಮಾಸ್ಕ್ ಕಟ್ಟಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್. ಆ ಚಳಿಗಾಲದ ಒಂದು ಬೆಳಿಗ್ಗೆ ಶರಣಪ್ಪನವರಿಗೆ ಎರಡೂ ಬೇಕಾದವು.

ಶರಣಪ್ಪನವರಿಗೆ ಅರವತ್ತರ ಆಸುಪಾಸು. ಶಹಾಬಾದಿನಲ್ಲಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕೆಲಸದಲ್ಲೇ ಆಯುಷ್ಯ ಕಳೆದವರು. ಜೊತೆಗೆ ಬೀಡಿ. ಎದೆ ಕೆಟ್ಟ ಮೇಲೆ ಹೆಂಡತಿ ಗುರುಬಾಯಿಯೊಂದಿಗೆ ಸೇಡಂಗೆ, ಮಗಳ ಮನೆಯ ಹತ್ತಿರ ಬಂದಿದ್ದರು. ಮನೆಯಲ್ಲಿ ಆಕ್ಸಿಜನ್ ಯಂತ್ರವಿತ್ತು. ಆ ದಿನ ಆಸ್ಪತ್ರೆಗೆ ತಂದಾಗಲೂ ಆಕ್ಸಿಜನ್ ಜೋರಾಗಿಯೇ ಹರಿಯುತ್ತಿತ್ತು. ಅವರನ್ನು ಕರೆದರೆ ಕಣ್ಣು ತೆರೆದು, ಗುರುತು ಹಿಡಿಯದೆ ಮತ್ತೆ ಮುಚ್ಚುತ್ತಿದ್ದರು.

"ನಿನ್ನಿ ಸಂಜಿಯಿಂದ ಮಲಗೇ ಮಲಗ್ಯಾರ್ರಿ ಮೇಡಂ, ಏಳವಲ್ರು. ದಮ್ಮು ಭಾಳ ಹತ್ತಿತ್ತು, ಅದಕ್ಕ ಮಷಿನ್ ಪೂರಾ ಇಟ್ಟೀನಿ," ಎಂದರು ಗುರುಬಾಯಿ.

ಬೆರಳಿಗೆ ಸಿಕ್ಕಿಸಿದ ಮೀಟರ್ ಆಕ್ಸಿಜನ್ 98 ಎಂದು ತೋರಿಸುತ್ತಿತ್ತು. ನೋಡಿದವರಿಗೆ ಧೈರ್ಯ ಬರುವಂಥ ಅಂಕಿ. ಆದರೆ ಇಂಥ ಸವೆದ ಶ್ವಾಸಕೋಶಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಆಕ್ಸಿಜನ್ ಹೋದರೆ, ಹೊರಗೆ ಹೋಗಬೇಕಾದ ಕಾರ್ಬನ್ ಡೈಆಕ್ಸೈಡ್ ಒಳಗೇ ಕೂಡಿಕೊಳ್ಳುತ್ತದೆ. ಅದು ರಕ್ತದಲ್ಲಿ ಆಮ್ಲವಾಗುತ್ತದೆ, ಮಿದುಳನ್ನು ಮಂಕು ಮಾಡುತ್ತದೆ. ಎಬಿಜಿಯಲ್ಲಿ ಕಾರ್ಬನ್ ಡೈಆಕ್ಸೈಡ್ 92 ಇತ್ತು, ಇರಬೇಕಾದದ್ದು 40ರ ಸುಮಾರು. ಪಿಎಚ್ 7.23ಕ್ಕೆ ಇಳಿದಿತ್ತು. 7.35ಕ್ಕಿಂತ ಕೆಳಗಿಳಿದರೆ ರಕ್ತ ಆಮ್ಲದ ಕಡೆ ವಾಲಿದೆ ಎಂದರ್ಥ.

ನಾನು ಆಕ್ಸಿಜನ್ ಇಳಿಸಿ, ಬೈಪ್ಯಾಪ್ ಮಾಸ್ಕ್ ಕಟ್ಟಿಸಿದೆ. ಮೀಟರಿನ ಅಂಕಿ 98ರಿಂದ 90ಕ್ಕೆ ಬಂತು. ಗುರುಬಾಯಿ ನನ್ನ ಮುಂಗೈ ಹಿಡಿದರು.

"ಹೆಂಗೂ ಉಳಿಯಂಗಿಲ್ಲಂತ ಗಾಳಿ ಕಡಿಮಿ ಮಾಡಾಕತ್ತೀರೇನ್ರಿ?"

ಆ ಕೈ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

"ಇಲ್ಲವ್ವ, ಉಳಸಾಕಂತನೇ ಇಳಸೀನಿ. ಇವರ ಎದಿಗಿ ತೊಂಬತ್ತೇ ಸಾಕು. ಇಷ್ಟು ದಿನ ಇವರನ್ನ ಕಿಡ್ನಿ..."

"ಅಯ್ಯ, ಕಿಡ್ನಿನೂ ಹೋದ್ವೇನ್ರಿ?"

"ಹೋಗಿಲ್ಲ. ಅವೇ ಇವರನ್ನ ಕಾಪಾಡ್ಯಾವು. ಕುಂದ್ರಿ, ಹೇಳ್ತೀನಿ."

ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಶ್ವಾಸಕೋಶ ವರ್ಷಾನುಗಟ್ಟಲೆ ಕಾರ್ಬನ್ ಡೈಆಕ್ಸೈಡನ್ನು ಪೂರ್ತಿ ಹೊರಹಾಕದಿದ್ದಾಗ ಕಿಡ್ನಿಗಳು ತಾವೇ ಮುಂದಾಗುತ್ತವೆ. ಹೆಚ್ಚಿನ ಆಮ್ಲವನ್ನು ಮೂತ್ರದಲ್ಲಿ ಕಳಿಸುತ್ತವೆ. ಆಮ್ಲವನ್ನು ತಣಿಸುವ ಬೈಕಾರ್ಬೊನೇಟ್ ಎಂಬ ಕ್ಷಾರವನ್ನು ಹೊರಬಿಡದೆ, ಹೊಸದನ್ನೂ ತಯಾರಿಸಿ ರಕ್ತಕ್ಕೆ ಸೇರಿಸುತ್ತವೆ. ಇದು ಗಳಿಗೆಯಲ್ಲಿ ಆಗುವ ಕೆಲಸವಲ್ಲ, ದಿನಗಳು ಬೇಕು. ನಮ್ಮ ನಿಮ್ಮ ರಕ್ತದಲ್ಲಿ ಬೈಕಾರ್ಬೊನೇಟ್ 24ರ ಸುಮಾರು ಇದ್ದರೆ ಶರಣಪ್ಪನವರಲ್ಲಿ 37 ಇತ್ತು. ಆ ದಾಸ್ತಾನು ಇಲ್ಲದಿದ್ದರೆ ಪಿಎಚ್ ಇನ್ನೂ ಕೆಳಗೆ ಜಾರಿ, ಅವರು ನಮ್ಮ ಬಾಗಿಲಿನವರೆಗೂ ಬರುತ್ತಿದ್ದರೋ ಇಲ್ಲವೋ.

ಡ್ಯೂಟಿಯಲ್ಲಿದ್ದ ಕಿರಿಯ ಸಹೋದ್ಯೋಗಿ ಕೇಳಿದರು, ಕಾರ್ಬನ್ ಡೈಆಕ್ಸೈಡನ್ನು ಬೇಗ ನಲವತ್ತಕ್ಕೇ ತಂದರೆ ಹೇಗೆ ಎಂದು. ಬೇಡವೆಂದೆ. ಅದು ಸರ್ರನೆ ಇಳಿದರೂ ಕಿಡ್ನಿ ಕೂಡಿಸಿಟ್ಟ ಕ್ಷಾರ ಅಲ್ಲೇ ಇರುತ್ತದೆ. ಆಗ ರಕ್ತ ವಿರುದ್ಧ ದಿಕ್ಕಿಗೆ ವಾಲಿ ಫಿಟ್ಸ್ ಬರಬಹುದು. ಈ ದೇಹ ಹೊಂದಿಕೊಂಡಿದ್ದ ಮಟ್ಟಕ್ಕೆ ನಿಧಾನವಾಗಿ ಮರಳಿಸಿದರೆ ಸಾಕಿತ್ತು.

ಮಧ್ಯಾಹ್ನ ದಾಟಿದ ಮೇಲೆ ಶರಣಪ್ಪನವರು ಕೈ ಎತ್ತಿ ಮಾಸ್ಕ್ ಸರಿಸಲು ನೋಡಿದರು. ನಾನೇ ಒಂದು ಕ್ಷಣ ತೆಗೆದೆ. ಅವರು ಸುತ್ತ ನೋಡಿ, ಹೆಂಡತಿಯ ಮುಖದ ಮೇಲೆ ಕಣ್ಣು ನಿಲ್ಲಿಸಿ ಕೇಳಿದರು:

"ಏನರ ತಿಂದಿಯೇನ ನೀ?"

ಗುರುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

ಮರುದಿನ ಮಂಚದ ಪಕ್ಕದಲ್ಲಿ ಕುಳಿತು ಆಕೆ ಮೆಲ್ಲಗೆ ಕೇಳಿದರು, "ಮೇಡಂರಿ, ನಾ ಮಷಿನ್ ತಿರುವಿದ್ದಕ್ಕೇ ಹಿಂಗಾತೇನ್ರಿ?"

ಸುಳ್ಳು ಹೇಳುವಂತಿರಲಿಲ್ಲ. ಹೇಳಿದರೆ ಇನ್ನೊಮ್ಮೆ ಪೂರಾ ತಿರುವಿಬಿಡುತ್ತಿದ್ದರು. "ಹೌದವ್ವ, ಆಕ್ಸಿಜನ್ ಹೆಚ್ಚಾಗೇ ಆತು," ಎಂದೆ. "ಆದ್ರ ಹೆಚ್ಚಾದ್ರ ಕೆಡಕಂತ ನಿಮಗ ಯಾರೂ ಹೇಳಿರಲಿಲ್ಲ. ನೀವು ಉಸಿರು ಕೊಡಾಕ ಹೋಗಿದ್ರಿ."

ಅಷ್ಟರಲ್ಲಿ ಶರಣಪ್ಪನವರು ತಡೆತಡೆದು ಅಂದರು: "ಆಕಿಗಿ ಏನೂ ಅನಬ್ಯಾಡ್ರಿ ಮೇಡಂ. ನನಗ ದಮ್ಮು ಹತ್ತೂದು ನೋಡಾಕ ಆಕಿಗಿ ಆಗಂಗಿಲ್ಲ."

ಅವರ ಕೈ ಚಾದರದ ಮೇಲೆ ತಡಕಾಡಿ ಆಕೆಯ ಕೈಯನ್ನು ಹುಡುಕಿತು.

ಕೆಲವು ದಿನಗಳ ನಂತರ ಅವರು ಮನೆಗೆ ಹೋಗುವಾಗ ಕಾರ್ಬನ್ ಡೈಆಕ್ಸೈಡ್ 60, ಬೈಕಾರ್ಬೊನೇಟ್ 34, ಪಿಎಚ್ 7.37. ಮೊದಲೆರಡು ಅಂಕಿಗಳು ಪುಸ್ತಕದ ಪ್ರಕಾರ ತಪ್ಪು. ಆದರೆ ಎರಡೂ ಸೇರಿ ಸರಿಯಾದ ಮೂರನೆಯದನ್ನು ಹಿಡಿದುಕೊಂಡಿದ್ದವು. ಮೀಟರ್ 88ರಿಂದ 92ರ ನಡುವೆ ಇದ್ದರೆ ಗಾಬರಿಯಾಗಬಾರದು, ನಮ್ಮನ್ನು ಕೇಳದೆ ಆಕ್ಸಿಜನ್ ಏರಿಸಬಾರದು ಎಂದು ಗುರುಬಾಯಿಗೆ ಕಲಿಸಿದೆವು.

ರಿಪೋರ್ಟಿನಲ್ಲಿ ಅಂಕಿ ತಪ್ಪಿದ್ದರೆ ತಿದ್ದಲು ಕೈ ತುರಿಸುವುದು ವೈದ್ಯರ ಸ್ವಭಾವ. ಈ ದೇಹ ಆ ಅಂಕಿಯೊಂದಿಗೆ ಎಷ್ಟು ಕಾಲ ಬಾಳಿದೆ, ಅದರ ಭಾರವನ್ನು ಒಳಗೆ ಯಾವುದು ಹೊತ್ತಿದೆ ಎಂದು ಮೊದಲು ಕೇಳಬೇಕೆಂಬುದನ್ನು ಈ ಕೆಲಸ ನನಗೆ ಕಲಿಸಿತು. ಆ ಭಾರವನ್ನು ಹೊರಗೆ ಹೊತ್ತ ಗುರುಬಾಯಿಯಂಥವರನ್ನೂ ಕೇಳಬೇಕು.

ಮುಂದಿನ ತಪಾಸಣೆಗೆ ಬಂದಾಗ ಗುರುಬಾಯಿ ಕೇಳಿದ್ದು ಒಂದೇ: "ಆ ಕಿಡ್ನಿಗಿ ನಾವೇನ್ ಮಾಡಬೇಕ್ರಿ?"

ಶರಣಪ್ಪನವರು ಬೆನ್ನುನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳು ಕಿಡ್ನಿಗೆ ಕೆಡಕು, ನಿಲ್ಲಿಸಿರಿ ಎಂದೆ. ಆಕೆ ಗಂಡನ ಕಡೆ ತಿರುಗಿ ಗದರಿದರು.

"ಕೇಳಿಸ್ತೋ ಇಲ್ಲೋ? ಇಷ್ಟು ದಿನ ಸುಮ್ಮಕ ದುಡದಾವು. ಇನ್ನ ಅವಕ ತ್ರಾಸ ಕೊಡಬ್ಯಾಡ್ರಿ."

ಶರಣಪ್ಪನವರು ನಕ್ಕರು. ಆ ನಗು ಅವರಿಗೆ ದಮ್ಮು ಹತ್ತಿಸಲಿಲ್ಲ.