ವಾಲ್ವ್ ಕಾದವರು

ತೊಂಬತ್ತರ ದಶಕದ ಮಾತು. ಹಗರೆಯ ಹತ್ತಿರ ಸೇತುವೆ ಪಾಯದ ಗುಂಡಿಯಿಂದ ನೀರೆತ್ತುವ, ಗಾಳಿಯ ಒತ್ತಡದಿಂದ ನಡೆಯುವ ಪಂಪು ಕೆಟ್ಟಿತ್ತು. ರಿಪೇರಿಗೆ ಹೋದವನು ನಾನೊಬ್ಬನೇ. ಅಲ್ಲಿ 'ಊಟ ಆಯ್ತಾ' ಅಂತ ಕೇಳುವವರೂ ಇರಲಿಲ್ಲ.

ಪಂಪಿನೊಳಗಿನ ರಬ್ಬರ್ ಪರದೆ ಹರಿದಿತ್ತು. ಅದನ್ನು ಬದಲಿಸುವ ಮೊದಲು ಗಾಳಿಯ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗಾಳಿ ಬಿಟ್ಟು, ವಾಲ್ವಿನ ಬಳಿ ಒಬ್ಬರನ್ನು ನಿಲ್ಲಿಸಬೇಕು. ಯಾರಾದರೂ ತಿಳಿಯದೆ ತಿರುಗಿಸಿದರೆ ನನ್ನ ಬೆರಳು ಹೋದ ಹಾಗೇ. ವಾಲ್ವ್ ಇದ್ದದ್ದು ಮೇಲೆ ರಸ್ತೆ ಪಕ್ಕ, ನಾನು ಕೆಳಗೆ ಗುಂಡಿಯಲ್ಲಿ.

ಹಾಲಿನ ಕ್ಯಾನ್ ಇಟ್ಟುಕೊಂಡು ಬೇಲೂರು ಬಸ್ಸಿಗೆ ಕಾಯುತ್ತಿದ್ದವರೊಬ್ಬರನ್ನು ಕೇಳಿಕೊಂಡೆ: "ಇದನ್ನ ಯಾರಿಗೂ ಮುಟ್ಟೋಕೆ ಬಿಡಬೇಡಿ ಯಜಮಾನ್ರೇ."

ಕೆಲಸ ಮುಗಿಸಿ ಮೇಲೆ ಬಂದರೆ ಅವರು ವಾಲ್ವ್ ಹಿಡಿದುಕೊಂಡು ಅಲ್ಲೇ ನಿಂತಿದ್ದರು.

"ಬಸ್ ಬರಲಿಲ್ವಾ?"

"ಬಂತು, ಹೋಯ್ತು. ನಿಮ್ ಕೈ ಒಳಗಿತ್ತಲ್ಲ ಸ್ವಾಮಿ, ಹೆಂಗೆ ಬಿಟ್ಟೋಗ್ಲಿ?" ಅಂದವರು ಕ್ಯಾನಿನ ಮುಚ್ಚಳಕ್ಕೇ ಹಾಲು ಬಗ್ಗಿಸಿ ಕೊಟ್ಟರು. "ಕುಡೀರಿ, ಹೆಂಗಿದ್ರೂ ಒಡೆದೋಯ್ತದೆ."

ಈಗ ವಾಲ್ವಿಗೆ ಹಾಕಲು ಬೀಗ ಕೊಟ್ಟಿದ್ದಾರೆ. ಹಾಕಿ, ಕೀಲಿ ಜೇಬಿಗಿಟ್ಟುಕೊಂಡು ಇಳಿಯುತ್ತೇನೆ. ಬೀಗ ಒಳ್ಳೆಯದೇ. ಆದರೆ ನನಗೋಸ್ಕರ ಬಸ್ಸು ತಪ್ಪಿಸಿಕೊಳ್ಳೋ ಬೀಗ ಇನ್ನೂ ಬಂದಿಲ್ಲ.