ವೀರಭದ್ರಪ್ಪ ಮೇಷ್ಟ್ರ ಮೂಗು

ಹಣೆಯ ಮೇಲೆ ಮೂರು ಗೆರೆ ವಿಭೂತಿ, ಮೂಗಿನ ಕೆಳಗೆ ಮದ್ಯದ ಗ್ಲಾಸು. ವೀರಭದ್ರಪ್ಪ ಮೇಷ್ಟ್ರನ್ನು ನೆನೆದರೆ ನನಗೆ ಮೊದಲು ಕಾಣುವುದು ಇದೇ. ಕುಡಿಯುವುದಿರಲಿ, ಒಂದು ಹನಿಯನ್ನೂ ಅವರು ನಾಲಿಗೆಗೆ ಸೋಕಿಸಿದವರಲ್ಲ. ಆದರೂ ಹಚ್ಚೊಳ್ಳಿ ದಾರಿಯ ಆ ಪುಟ್ಟ ಭಟ್ಟಿಮನೆಯಲ್ಲಿ ಅವರು ಮೂಸಿ ತಲೆಯಾಡಿಸದ ಹೊರತು ಒಂದು ಬಾಟಲಿಯೂ ಹೊರಗೆ ಹೋಗುತ್ತಿರಲಿಲ್ಲ. "ಮೂಗು ನೆಟ್ಟಗೈತಿ, ನಾಲಿಗಿ ಯಾಕ ಕೆಡಿಸ್ಕೋಬೇಕು?" ಎನ್ನುತ್ತಿದ್ದರು.

ಬಳ್ಳಾರಿಯಲ್ಲಿ ನಮಗೆ ಕೆಮಿಸ್ಟ್ರಿ ಕಲಿಸಿದವರು. ಲ್ಯಾಬಿನ ಬಾಟಲಿಗಳ ಮೇಲಿನ ಚೀಟಿಯನ್ನು ನಂಬುವ ಜಾಯಮಾನವೇ ಅವರದಲ್ಲ. ಅಂಗೈಯಿಂದ ಗಾಳಿ ಬೀಸಿಕೊಂಡು ಮೂಸಿ, ಒಳಗೇನಿದೆ ಎಂದು ಹೇಳಿಬಿಡುತ್ತಿದ್ದರು. ನಾವು ಬೇಕೆಂದೇ ಚೀಟಿ ಬದಲಿಸಿಟ್ಟ ದಿನ ಸಿಕ್ಕಿಬಿದ್ದೆವು. ನಿವೃತ್ತರಾದ ಮೇಲೆ ಪಾರ್ವತಿನಗರದ ಮನೆಯಲ್ಲಿ ಪೇಪರ್ ಓದುತ್ತ ಕೂರುವ ಆಸಾಮಿಯೇ? ಹಳೆಯ ಶಿಷ್ಯನೊಬ್ಬ ಲೈಸೆನ್ಸ್ ಪಡೆದು ಸಿರುಗುಪ್ಪದ ಅಕ್ಕಿನುಚ್ಚಿನಿಂದ ಮದ್ಯ ಇಳಿಸಲು ಹೊರಟಾಗ ತಾವೇ ಹೋಗಿ ಸೇರಿಕೊಂಡರು. ನೆಂಟರೆಲ್ಲ ಮುಖ ಸಿಂಡರಿಸಿದರು.

ಮೊದಲ ಸಲ ಭಟ್ಟಿ ಇಳಿಸುವ ದಿನ ನನಗೂ ಕರೆ ಬಂತು. ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ, ಅಷ್ಟು ಹುರುಪು. ತಾಮ್ರದ ಭಟ್ಟಿ ಕಾದು, ಕೊಳವೆಯ ತುದಿಯಲ್ಲಿ ಮೊದಲ ಹನಿ ತೊಟ್ಟಿಕ್ಕಿದಾಗ ಚಪ್ಪಾಳೆ ತಟ್ಟಿಬಿಟ್ಟೆ. ಐವತ್ತು ದಾಟಿದವನಿಗೆ ನಾಚಿಕೆಯೂ ಆಗಲಿಲ್ಲ.

ಮೊದಲು ಇಳಿಯುವುದರಲ್ಲಿ ವಿಷ ಸೇರಿರುತ್ತದೆ, ಅದನ್ನು ಚೆಲ್ಲಿಬಿಡಬೇಕು ಎಂದು ಮೇಷ್ಟ್ರು ಕೆಲಸದ ಯಲ್ಲಪ್ಪನಿಗೆ ಬೆಳಿಗ್ಗೆಯಿಂದ ಹತ್ತು ಸಲ ಹೇಳಿದ್ದರು. ಅವನು ಚೆಲ್ಲಿದ್ದೂ ನಿಜ. ಆದರೆ ಒಂದು ಚಂಬು ಉಳಿಸಿಕೊಂಡು ಗೋಡೆಯ ಮೇಲಿನ ಗ್ರಾಮದೇವತೆ ಸುಂಕ್ಲಮ್ಮನ ಫೋಟೋದ ಮುಂದಿಟ್ಟಿದ್ದ. ಹೊಲದ ಮೊದಲ ತೆನೆ, ಎಮ್ಮೆಯ ಮೊದಲ ಹಾಲು, ಎಲ್ಲವನ್ನೂ ಅಮ್ಮನಿಗೇ ಕೊಟ್ಟುಕೊಂಡು ಬಂದ ಮನೆಯವನು, ಇದನ್ನು ಹೇಗೆ ಬಿಟ್ಟಾನು? ಗಡಿಬಿಡಿಯಲ್ಲಿ ಅದು ನಮ್ಮ ಯಾರ ಕಣ್ಣಿಗೂ ಬೀಳಲಿಲ್ಲ. ಕೈಮುಗಿದವನೇ, ತೀರ್ಥವೆಂದು ನನ್ನ ಅಂಗೈಗೆ ಒಂದಿಷ್ಟು ಹಾಕಿದ. ನಾನು ಬಾಯಿಗೆ ಎತ್ತುವಷ್ಟರಲ್ಲಿ, ಬಾಗಿಲಲ್ಲಿದ್ದ ಮೇಷ್ಟ್ರು ಓಡಿಬಂದು ಮಣಿಕಟ್ಟಿಗೆ ಬಲವಾಗಿ ಹೊಡೆದರು. ಅಷ್ಟು ದೂರದಿಂದಲೇ ಅವರಿಗೆ ವಾಸನೆ ಹತ್ತಿತ್ತು.

ಯಲ್ಲಪ್ಪ ಕುಸಿದು ಕೂತು ಅಳತೊಡಗಿದ. ಮೊದಲಿನದು ಅಮ್ಮನಿಗೆ ಕೊಡದೆ ಹೇಗಿರಲಿ ಎಂಬುದೊಂದೇ ಅವನ ಮಾತು. ಬೈಯುತ್ತಾರೆ ಎಂದುಕೊಂಡೆ. ಮೇಷ್ಟ್ರು ಅವನ ಪಕ್ಕ ನೆಲದ ಮೇಲೆ ಕೂತರು.

"ಅಮ್ಮಗ ಮೊದಲಿಂದಲ್ಲಪ್ಪ, ಒಳ್ಳೇದು ಕೊಡಬೇಕು. ನಡುವಿಂದು ಇಳಿಯಾಕತ್ತೈತಿ. ಅದರಾಗ ಮೊದಲ ಚಂಬು ಆಕಿದು."

ಆಮೇಲೆ ನನ್ನ ಕಡೆ ತಿರುಗಿ, "ಲೇ, ದೇವರ ಮುಂದಿಂದಾದ್ರೂ ಮೂಸಿ ತೊಗೋ. ಇಷ್ಟು ವರ್ಷ ನಾ ಏನ್ ಕಲಿಸಿದೆ?" ಎಂದರು. ಮೂವರೂ ನಕ್ಕೆವು. ಆ ಸಲದ ಮದ್ಯ ಬಾಯಿ ಚಪ್ಪರಿಸುವಂತಿತ್ತು. ಹಾಗೆಂದು ಮೇಷ್ಟ್ರಿಗೆ ನಾನೇ ವರದಿ ಒಪ್ಪಿಸಿದೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಮೊನ್ನೆ ಮತ್ತೆ ಭಟ್ಟಿಮನೆಗೆ ಹೋಗಿದ್ದೆ. ಯಲ್ಲಪ್ಪ ಮೊದಲಿನದನ್ನು ಹನಿಯೂ ಉಳಿಸದೆ ಚೆಲ್ಲಿ, ನಡುವಿನದನ್ನು ಅಮ್ಮನ ಮುಂದಿಟ್ಟು ತೀರ್ಥ ಕೊಟ್ಟ. ಮೂಸಿದೆ. ಚೆನ್ನಾಗಿಯೇ ಇತ್ತು. ಆದರೂ ನನ್ನ ಕೈ ಬಾಯಿಯ ಹತ್ತಿರ ಬಂದು ನಿಂತುಬಿಟ್ಟಿತು.

ಯಲ್ಲಪ್ಪ ಚಂಬನ್ನು ಕೆಳಗಿಟ್ಟ. ಆಮೇಲೆ ಮೆಲ್ಲಗೆ, "ತೊಗೋರಿ ಅಣ್ಣಾರ, ಈಗ ಹೊಡಿಯಾವ್ರು ಯಾರಿಲ್ಲ" ಎಂದ.